ಮನೆ ಬದಲಿಸೋಕೆ 5 ವಾರ ಇದೆ, ನಾಯಿ ಪುಕ್ಕಲು: ಏನೇನು, ಯಾವ ಕ್ರಮದಲ್ಲಿ?

ಕೆಂಗೇರಿ_ಕಾಳಿ

ನಮಸ್ಕಾರ. 4 ವರ್ಷದ ಇಂಡೀ (ನಮ್ಮ ನಾಟಿ ತಳಿ) ಹೆಣ್ಣುನಾಯಿ, 17 ಕೆಜಿ, ಮರಿ ಆಗದ ಹಾಗೆ ಆಪರೇಶನ್ ಆಗಿದೆ. ಈಗಿರೋದು ಕಾಂಪೌಂಡ್ ಇರೋ ನೆಲಮಹಡಿ ಮನೆ, ಹೋಗ್ತಿರೋದು ಅಪಾರ್ಟ್‌ಮೆಂಟಿನ 7ನೇ ಮಹಡಿಗೆ. ಮಿಕ್ಸಿ ಸದ್ದಿಗೆ ಮಂಚದ ಕೆಳಗೆ ಸೇರತ್ತೆ, ನೆಂಟರು ಬಂದ್ರೆ ನಡುಕ. ಹಾರ್ನೆಸ್ (ಎದೆಗೆ ತೊಡಿಸೋ ಪಟ್ಟಿ) ಅಭ್ಯಾಸ ಇಲ್ಲ, ಲಿಫ್ಟ್ ನೋಡೇ ಇಲ್ಲ. ಮಣ್ಣಿನ ಮೇಲೆ ಬಿಟ್ಟು ಬೇರೆಲ್ಲೂ ಉಚ್ಚೆ ಮಾಡಲ್ಲ. ಈಗ ಎರಡು ಗಂಟೆ ಒಂಟಿಯಾಗಿರತ್ತೆ. ಅಲ್ಲಿಗೆ ಹೋದ ಮೇಲೆ ವಾರಕ್ಕೆ 3 ದಿನ ಆಫೀಸು. ಇದರ ಜೊತೆ ಗೃಹಪ್ರವೇಶ, ಹೋಮ, ಎಂಬತ್ತು ಜನ. ಎಲ್ಲಿಂದ ಶುರು ಮಾಡೋದು?

ಬಾಲಂಗೋಚಿ

ನೀವು ಬರೆದಿದ್ದರಲ್ಲಿ ಬದಲಾವಣೆ ಒಂದಲ್ಲ, ಆರು ಇದೆ: ಹಾರ್ನೆಸ್, ಲಿಫ್ಟ್, ಉಚ್ಚೆಯ ಜಾಗ, ಹೊಸ ಮನೆ, ಜನಜಂಗುಳಿ, ಒಂಟಿತನ. ಆರೂ ಒಂದೇ ವಾರದಲ್ಲಿ ಮೈಮೇಲೆ ಬಿದ್ರೆ ಧೈರ್ಯದ ನಾಯಿನೂ ತತ್ತರಿಸತ್ತೆ. ಭಯಗಳು ಒಂದರ ಮೇಲೊಂದು ಪೇರಿಸ್ಕೊಳ್ಳುತ್ತವೆ. ಬೆಳಿಗ್ಗೆ ಲಿಫ್ಟಿಗೆ ಹೆದರಿದ ನಾಯಿ ಮಧ್ಯಾಹ್ನ ಕಾಲಿಂಗ್ ಬೆಲ್ಲಿಗೆ ಬೊಗಳಿ, ಸಂಜೆ ಮಗುವಿನ ಕೈಗೆ ಗುರ್ ಅನ್ನೋದು ಹೀಗೇ. "ಇದ್ದಕ್ಕಿದ್ದಂಗೆ ಕಚ್ಚಿಬಿಡ್ತು" ಅಂತಾರಲ್ಲ, ಆ ದಿನ ಬೆಳಗಿನಿಂದ ಏನೇನಾಯ್ತು ಅಂತ ಕೇಳಿದ್ರೆ ಇದ್ದಕ್ಕಿದ್ದಂಗೆ ಆಗಿರಲ್ಲ.

ಹಾಗಾಗಿ ಮನೆ ಬದಲಿಸೋ ಮೊದಲೇ ಮುಗಿಸಬಹುದಾದ್ದನ್ನ ಮುಗಿಸಿ. ಹಾರ್ನೆಸ್ ಮತ್ತು ಉಚ್ಚೆಗೆ ಮಣ್ಣು ಹರಡಿದ ಟ್ರೇ ಈ ವಾರವೇ, ಒಂಟಿಯಾಗಿರೋ ಅಭ್ಯಾಸವೂ ಇವತ್ತಿಂದಲೇ. ಲಿಫ್ಟ್ ಎರಡನೇ ವಾರದಿಂದ. ಹೊಸ ಮನೆಗೆ ಮೂರ್ನಾಲ್ಕು ಸಲ ಬರೀ ಮೂಸೋಕೆ ಕರ್ಕೊಂಡು ಹೋಗಿ, ಪ್ರತಿ ಸಲ 20 ನಿಮಿಷ ಸಾಕು. ಗೃಹಪ್ರವೇಶಕ್ಕೆ ಅದನ್ನ ಕರೆಯಲೇ ಬೇಡಿ.

ಎಷ್ಟು ಬೇಗ ಮುಂದೆ ಹೋಗಬೇಕು ಅನ್ನೋದನ್ನ ಕ್ಯಾಲೆಂಡರ್ ಹೇಳಲ್ಲ, ನಾಯಿಯ ಬಾಯಿ ಹೇಳತ್ತೆ. ಬೇಯಿಸಿದ ಚಿಕನ್ ಅಥವಾ ಲಿವರ್ ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿಟ್ಕೊಳ್ಳಿ, ಉಪ್ಪು, ಈರುಳ್ಳಿ ಹಾಕಬೇಡಿ. ಮನೇಲಿ ಚಿಕನ್‌ಗೆ ಕುಣಿಯೋ ನಾಯಿ ಲಿಫ್ಟ್ ಮುಂದೆ ಮೂತಿ ತಿರುಗಿಸಿದ್ರೆ ಅಲ್ಲಿ ಭಯ ಮಿತಿ ಮೀರಿದೆ ಅಂತ ಅರ್ಥ. ಬೆರಳಿಗೇ ಹಲ್ಲು ತಾಗೋ ಹಾಗೆ ಗಬಕ್ಕನೆ ಕಿತ್ಕೊಂಡ್ರೆ ಮಿತಿಯ ಹತ್ತಿರ ಇದೆ. ಮೆತ್ತಗೆ ತಗೊಂಡ್ರೆ ಮುಂದಿನ ಹೆಜ್ಜೆ ಇಡಬಹುದು.

ತಿನ್ನೋದು ನಿಲ್ಲಿಸೋ ಮೊದಲೇ ಕಾಣೋ ಚಿಹ್ನೆಗಳೂ ಇವೆ. ನಿದ್ದೆ ಇಲ್ಲದ ಹೊತ್ತಲ್ಲಿ ಆಕಳಿಕೆ, ಮೂಗು ನೆಕ್ಕಿಕೊಳ್ಳೋದು, ಸೆಕೆ ಇಲ್ಲದೆ ತೇಕೋದು, ಮುಂಗಾಲು ಎತ್ತಿ ನಿಲ್ಲೋದು, ತಲೆ ಅತ್ತ ತಿರುಗಿಸಿ ಕಣ್ಣಿನ ಬಿಳಿ ತೋರಿಸೋದು. ಇವು ಕಂಡಾಗಲೇ ಹಿಂದೆ ಸರಿಯಿರಿ.

ಮೂರು_ಪಟ್ಟಿ

ಹಾರ್ನೆಸ್ ಬಗ್ಗೆ. ಎದೆ ಮೇಲೆ ಅಡ್ಡ ಪಟ್ಟಿ ಬರೋದು ಬೇಡ, ಭುಜ ಆಡಲ್ಲ. ಕತ್ತಿನಿಂದ ಕೆಳಗೆ ವೈ ಆಕಾರದಲ್ಲಿ ಇಳಿಯೋದು ಬೇಕು. ಇಂಡೀ, ಮುಧೋಳ ನಾಯಿಗಳಿಗೆ ಎದೆ ಆಳ, ಸೊಂಟ ಸಣ್ಣ. ಹೆದರಿ ಹಿಂದಕ್ಕೆ ಎಳೆದ್ರೆ ಎರಡು ಪಟ್ಟಿಯ ಹಾರ್ನೆಸ್‌ನಿಂದ ಕ್ಷಣದಲ್ಲಿ ಜಾರಿಬಿಡತ್ತೆ. ಪಕ್ಕೆಲುಬು ಮುಗಿದ ಮೇಲೆ ಸೊಂಟದ ಹತ್ತಿರ ಮೂರನೇ ಪಟ್ಟಿ ಇರೋದನ್ನೇ ತಗೊಳ್ಳಿ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮೂರು ಹೋದ್ರೆ ಸಡಿಲ.

ಹಾಕೋ ಅಭ್ಯಾಸ: ಮೊದಲು ನೆಲದ ಮೇಲಿಟ್ಟು ಅದರ ಮೇಲೆ ಚಿಕನ್ ಚೂರು. ಆಮೇಲೆ ಕತ್ತಿನ ಕುಣಿಕೆ ಹಿಡಿದು ಆಚೆ ಕಡೆಯಿಂದ ಚೂರು ತೋರಿಸಿ. ತಲೆ ಅದೇ ತೂರಿಸಬೇಕು, ನೀವು ತೂರಿಸಬಾರದು. ಬಕಲ್ಲಿನ 'ಟಕ್' ಸದ್ದಿಗೆ ಬೆಚ್ಚಿದ್ರೆ ದೂರದಲ್ಲಿ ಟಕ್ ಮಾಡಿ ಚೂರು ಕೊಡಿ, ದಿನಾ ಸ್ವಲ್ಪ ಹತ್ತಿರ ಬನ್ನಿ. ಎಲ್ಲ ಸೇರಿ ದಿನಕ್ಕೆ ಎರಡು ಸಲ ಮೂರು ನಿಮಿಷದ ಕೆಲಸ.

ಕಾಲರ್‌ಗೂ ಹಾರ್ನೆಸ್‌ಗೂ ಬೇರೆ ಬೇರೆ ಬೆಲ್ಟ್ (ಕೈಯಲ್ಲಿ ಹಿಡಿಯೋ ಹಗ್ಗ) ಹಾಕಿ, ಹೊಸ ಜಾಗದಲ್ಲಿ ಮೊದಲ ತಿಂಗಳಾದ್ರೂ. ಕಾಲರ್‌ನಲ್ಲಿ ಫೋನ್ ನಂಬರ್ ಕೆತ್ತಿದ ಬಿಲ್ಲೆ ಇರಲಿ. ಮೈಕ್ರೋಚಿಪ್ ಇದ್ರೆ ಅದರ 15 ಅಂಕಿಯ ಸಂಖ್ಯೆಗೆ ಈಗಿನ ನಂಬರ್ರೇ ಜೋಡಿಯಾಗಿದೆಯಾ ನೋಡ್ಕೊಳ್ಳಿ. ಮನೆ ಬದಲಿಸಿದ ವಾರದಲ್ಲಿ ತಪ್ಪಿಸ್ಕೊಂಡ ನಾಯಿ ಹಳೆ ಮನೆ ಕಡೆಗೇ ಹೊರಡೋದು ಹೆಚ್ಚು. ಮಧ್ಯೆ ನೈಸ್ ರಸ್ತೆ ಬಂದ್ರೆ ಕಥೆ ಮುಗೀತು.

ತೋಟದ_ಮಣ್ಣು

ಉಚ್ಚೆ ವಿಷಯ ಹಗುರವಾಗಿ ತಗೋಬೇಡಿ, ಅಪಾರ್ಟ್‌ಮೆಂಟಿಗೆ ಬಂದ ಇಂಡೀಗಳಿಗೆ ನಿಜವಾದ ಕಷ್ಟ ಇದೇ. ಮರಿಯಾಗಿದ್ದಾಗ ಪಾದಕ್ಕೆ ಯಾವ ನೆಲ ರೂಢಿಯಾಯ್ತೋ ಅದೇ ಬೇಕು ಅನ್ನತ್ತೆ. ಜೊತೆಗೆ ಹೆದರಿದ ನಾಯಿ ಗುರುತಿಲ್ಲದ ಜಾಗದಲ್ಲಿ ಕೂರಲ್ಲ. ಹಟ ಅಂತ ಗದರಿದ್ರೆ ಇನ್ನೂ ಬಿಗಿ ಹಿಡಿಯತ್ತೆ.

3 ಅಡಿ × 2 ಅಡಿಯ ಅಂಚಿರೋ ಟ್ರೇ ತಗೊಳ್ಳಿ, ಗಾರೆ ಕಲಸೋ ಪ್ಲಾಸ್ಟಿಕ್ ಟ್ರೇ ಆದೀತು. ಈಗಿನ ಕಾಂಪೌಂಡಿನಲ್ಲಿ ಅದು ದಿನಾ ಹೋಗೋ ಜಾಗದ ಮಣ್ಣನ್ನೇ ಒಂದು ಇಂಚು ದಪ್ಪ ಹರಡಿ. ಸುಮಾರು 20 ಕೆಜಿ ಆಗತ್ತೆ. ಟ್ರೇಯನ್ನ ಅದೇ ಜಾಗದಲ್ಲಿ ಇಟ್ಟು, ಕೂತಾಗ ಒಂದೇ ಮಾತು ಹೇಳಿ, "ಸುಸು" ಅಂತಲೋ ಏನೋ. ಮುಗಿದ ಕ್ಷಣಕ್ಕೆ ಚೂರು ಕೊಡಿ, ಒಳಗೆ ಬಂದ ಮೇಲೆ ಅಲ್ಲ. ಟ್ರೇ ರೂಢಿಯಾದ ಮೇಲೆ ಎರಡು ದಿನಕ್ಕೊಮ್ಮೆ ಕೆಲವು ಅಡಿ ಸರಿಸುತ್ತಾ ಬಾಗಿಲ ಹತ್ತಿರ ತನ್ನಿ. ಶಿಫ್ಟ್ ಆಗೋ ದಿನ ಅದೇ ಟ್ರೇ, ಅದೇ ಮಣ್ಣು ಹೊಸ ಮನೆಗೆ. ಜೊತೆಗೆ ಇನ್ನೊಂದು ಚೀಲ ಹಳೆ ಮಣ್ಣು ತಗೊಂಡು ಹೋಗಿ ಕೆಳಗಿನ ಲಾನಿನ ಒಂದು ಮೂಲೇಲಿ ಸುರಿದ್ರೆ ಅಲ್ಲೂ ಕೂರೋಕೆ ಧೈರ್ಯ ಬರತ್ತೆ. ಮಾಲಿಯ ಹತ್ರ ಮೊದಲೇ ಮಾತಾಡಿ.

ಗಟ್ಟಿಯನ್ನ ದಿನಾ ತೆಗೀರಿ, ಉಚ್ಚೆಗೆ ನೆನೆದ ಮಣ್ಣನ್ನ ಎರಡು ದಿನಕ್ಕೊಮ್ಮೆ ಬದಲಿಸಿ. ತುಂಬುವ ಮೊದಲು ಬಿಸಿಲಿಗೆ ಹರವಿ, ಇಲ್ಲದಿದ್ರೆ ಇರುವೆ, ಉಣ್ಣೆ ಎರಡೂ ಒಳಗೆ ಬರುತ್ತವೆ.

ಬೆಳೆದ ನಾಯಿ 10-12 ಗಂಟೆ ಹಿಡಿದಿಟ್ಕೊಳ್ಳೋದು ಅಪರೂಪ ಅಲ್ಲ. 24 ಗಂಟೆ ಆದ್ರೂ ಹೋಗಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ. ತಿಣುಕಿ ಹನಿಹನಿ ಬಂದ್ರೆ, ರಕ್ತ ಕಂಡ್ರೆ ಅಷ್ಟೂ ಕಾಯಬೇಡಿ. ಒಳಗೆ ಮಾಡಿಬಿಟ್ರೆ ಅಮೋನಿಯಾ ಇರೋ ಕ್ಲೀನರ್ ಬೇಡ, ಆ ವಾಸನೆ ಉಚ್ಚೆಗೆ ಹತ್ತಿರ. ಸಾಕುಪ್ರಾಣಿಗಳ ಅಂಗಡೀಲಿ ಸಿಗೋ ಎನ್ಜೈಮ್ ಕ್ಲೀನರ್ ಹಾಕಿ 10-15 ನಿಮಿಷ ಬಿಟ್ಟು ಒರೆಸಿ. ಈಗ ಎಲ್ಲರೂ ಕಿತ್ತಳೆ ಸಿಪ್ಪೆ ಕೊಳೆಸಿ 'ಬಯೋ ಎನ್ಜೈಮ್' ಮಾಡ್ತಾರಲ್ಲ, ನೆಲ ಒರೆಸೋಕೆ ಸರಿ, ಈ ಕೆಲಸಕ್ಕೆ ಅದನ್ನ ನೆಚ್ಕೋಬೇಡಿ.

ಧಾರವಾಡ_ಪೇಡೆ

ಗೃಹಪ್ರವೇಶದ್ದು ನಾ ಹೇಳ್ತೀನ್ರಿ. ಆ ದಿನ ನಾಯಿ ಹಳೇ ಮನ್ಯಾಗ, ಗುರ್ತಿದ್ದ ಒಬ್ಬರ ಜೋಡಿ ಇರ್ಲಿ. "ಮನಿ ಮಂದಿ ಎಲ್ಲಾರೂ ಅದಾರ, ಅದೊಂದ್ ಯಾಕ ಬಿಡೂದು" ಅಂತ ಕರ್ಕೊಂಡ್ ಹೋಗಬ್ಯಾಡ್ರಿ. ಹೋಮದ ಹೊಗಿ, ಗಂಟಿ, ಮೈಕು, ಮ್ಯಾಲ ಒಳಗ ಆಕಳ ಬ್ಯಾರೆ ಬರ್ತದ. ಹೊಸಾ ಮನಿ ಅಂದ್ರ ಇದೇ ಅಂತ ಮೊದಲನೇ ದಿನಾನೇ ಅದರ ತಲಿಯೊಳಗ ಕುಂತ್ರ ಬಿಡಿಸೂದು ಭಾಳ ಕಷ್ಟ ಅದ.

ಮರುದಿನ ನೆಲಾ ಒರಸಿದ ಮ್ಯಾಲ ಮೂಲಿ ಮೂಲಿ ನೋಡ್ರಿ. ಕರ್ಪೂರದ ತುಣುಕು ಬಿದ್ದಿರ್ತಾವ, ನುಂಗಿದ್ರ ಫಿಟ್ಸ್ ಬರ್ತಾವ. ಸಜ್ಜಗಿ, ಪಾಯಸದಾಗಿನ ಒಣದ್ರಾಕ್ಷಿ ನಾಯಿ ಕಿಡ್ನಿ ಕೆಡಸ್ತದ. "ಎಷ್ಟ್ ತಿಂದ್ರ ನಡೀತದ" ಅನ್ನೂ ಲೆಕ್ಕನೇ ಇಲ್ಲ, ಒಂದ್ ನಾಯಿಗೆ ಸ್ವಲ್ಪಕ್ಕ ಆಗ್ತದ, ಇನ್ನೊಂದಕ್ಕ ಆಗೂದಿಲ್ಲ. ಸೋಫಾ ಕೆಳಗ ಬಿದ್ದ ಪ್ರಸಾದದ ದೊನ್ನಿ ಮೊದಲ ತಗೀರಿ. ಬಟ್ಟಿ ನಡಬರಕ ಡಾಂಬರ್ ಗುಳಗಿ ಇಡೂ ಚಟ ಇದ್ರ ಅದನ್ನೂ ಬಿಡ್ರಿ.

ಏಳನೇ_ಮಹಡಿ

ಲಿಫ್ಟ್. ಮಧ್ಯಾಹ್ನ ಎರಡರಿಂದ ನಾಲ್ಕು ಸಾಮಾನ್ಯವಾಗಿ ಖಾಲಿ ಹೊತ್ತು, ಅದೇ ಸರಿ. ಲಿಫ್ಟ್ ಬಾಗಿಲು ಕಾಣೋ ಹಾಗೆ, ಆದ್ರೆ ನಾಯಿ ಚೂರು ಮೆತ್ತಗೆ ತಗೊಳ್ಳೋವಷ್ಟು ದೂರದಲ್ಲಿ ನಿಲ್ಲಿ. 'ಟಿಂಗ್' ಅಂದು ಬಾಗಿಲು ತೆರೀತಾ? ಚೂರು. ಮುಚ್ಚಿತಾ? ಚೂರು ನಿಂತುಹೋಯ್ತು. ಸದ್ದು ಮೊದಲು, ಚೂರು ಆಮೇಲೆ. ಈ ಕ್ರಮ ತಿರುವುಮುರುವಾದ್ರೆ ಚೂರು ಕಂಡಾಗಲೇ ಲಿಫ್ಟ್ ಬರತ್ತೆ ಅಂತ ನಾಯಿ ಕಲಿತು ಚಿಕನ್‌ಗೇ ಅಂಜತ್ತೆ. ತುಂಬಾ ಜನ ಎಡವೋದು ಇಲ್ಲೇ: ಚೂರು ತೋರಿಸಿ ಒಳಗೆ ಎಳ್ಕೊಳ್ತಾರೆ, ಬಾಗಿಲು ಮುಚ್ಚತ್ತೆ, ಮುಂದಿನ ಸಲದಿಂದ ಕೈಯಲ್ಲಿ ಏನಿದ್ರೂ ನಾಯಿ ಬರಲ್ಲ.

ಆಮೇಲೆ ಹತ್ತಿರ. ಆಮೇಲೆ ಬಾಗಿಲು ತೆರೆದಿಟ್ಟು ಒಳಗೆ ಕಾಲಿಟ್ಟು ವಾಪಸ್. ಇದಕ್ಕೆ ಒಬ್ಬರು ಹೊರಗಿನ ಬಟನ್ ಒತ್ತಿ ಹಿಡಿದಿರಬೇಕು. ಆಮೇಲೆ ಬಾಗಿಲು ಮುಚ್ಚಿ, ಚಲಿಸದೆ, ತೆರೆಯೋದು. ಆಮೇಲೆ ಒಂದೇ ಮಹಡಿ, ಇಳಿದು ಮೆಟ್ಟಿಲಲ್ಲಿ ವಾಪಸ್. ಒಂದು ಸಲಕ್ಕೆ ಐದಾರು ನಿಮಿಷ ಸಾಕು. ತಿನ್ನೋದು ನಿಲ್ಲಿಸಿದ್ರೆ ಹಿಂದಿನ ಹೆಜ್ಜೆ.

ಲಿಫ್ಟಿನ ನೆಲ ಜಾರಿದ್ರೆ ಭಯದ ಅರ್ಧ ಕಾರಣ ಅದೇ ಇರಬಹುದು. ಕೈಯಲ್ಲೊಂದು ರಬ್ಬರ್ ತಳದ ಮ್ಯಾಟ್ ಇರಲಿ. ಉಗುರು ಕತ್ತರಿಸಿ, ಪಾದದ ಮೆತ್ತೆಗಳ ನಡುವಿನ ಕೂದಲು ತೆಗೀರಿ. ಹೊಸ ಮನೆಯ ವಿಟ್ರಿಫೈಡ್ ಟೈಲ್ಸಿಗೂ ಇದೇ ಮಾತು: ಮಲಗೋ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಮ್ಯಾಟುಗಳ ಸಾಲು ಹಾಸಿ.

ಅಪಾಯದ ಒಂದು ಮಾತು. ಬೆಲ್ಟ್ ಉದ್ದ ಬಿಟ್ಟು ಲಿಫ್ಟ್ ಹತ್ತಬೇಡಿ, ಚಕ್ರದ ಥರ ಸುತ್ತಿಕೊಳ್ಳೋ ಬೆಲ್ಟ್ ಅಂತೂ ಬೇಡವೇ ಬೇಡ. ನಾಯಿ ಹೊರಗೆ ಉಳಿದು ನೀವು ಒಳಗಾದ್ರೆ, ಇಲ್ಲಾ ನಾಯಿ ಒಳಗೆ, ನೀವು ಹೊರಗಾದ್ರೆ, ಬೆಲ್ಟ್ ಬಾಗಿಲಿಗೆ ಸಿಕ್ಕಿ ಲಿಫ್ಟ್ ಚಲಿಸತ್ತೆ. ತೆಳುವಾದ ಬೆಲ್ಟನ್ನ ಸೆನ್ಸರ್ ಗುರುತಿಸದೇ ಇರಬಹುದು. ಹಾರ್ನೆಸ್ಸಿನ ಹಿಡಿಯನ್ನೇ ಹಿಡ್ಕೊಂಡು, ನಾಯಿಯನ್ನ ಮೂಲೆಗೆ ನಿಲ್ಲಿಸಿ, ಅದರ ಮುಂದೆ ನೀವು ನಿಲ್ಲಿ. ಬೇರೆಯವರು ಇದ್ರೆ ಮುಂದಿನ ಲಿಫ್ಟಿಗೆ ಕಾಯಿರಿ.

ಸಿಂಪಲ್_ಸೀನ

ಇಷ್ಟೆಲ್ಲಾ ಯಾಕ್ರೀ? ಒಂದು ದೊಡ್ಡ ಕ್ರೇಟ್ (ಕಂಬಿಯ ಗೂಡು) ತಗೊಂಡು ಒಳಗೆ ಹಾಕಿ ಆಫೀಸಿಗೆ ಹೋಗಿ. ಎರಡು ದಿನ ಅಳತ್ತೆ, ಮೂರನೇ ದಿನ ಸುಮ್ಮನಾಗತ್ತೆ.

ಬಾಲಂಗೋಚಿ

ಸೀನ ಅವ್ರೇ, ಸುಮ್ಮನಾಗೋದು ಬೇರೆ, ಸಮಾಧಾನ ಆಗೋದು ಬೇರೆ. ಕಿರುಚಿ ಪ್ರಯೋಜನ ಇಲ್ಲ ಅಂತ ನಾಯಿ ಕೈಚೆಲ್ಲಿದ್ದನ್ನ ಹೊರಗಿಂದ ನೋಡಿದವರು ಅಭ್ಯಾಸ ಆಯ್ತು ಅಂತಾರೆ. ಒಂಟಿತನದ ಭಯ ಇರೋ ನಾಯಿಯನ್ನ ಅಭ್ಯಾಸ ಮಾಡಿಸದೆ ಕ್ರೇಟಿಗೆ ಹಾಕಿದ್ರೆ ಕಂಬಿ ಕಚ್ಚಿ ಹಲ್ಲು ಮುರ್ಕೊಳ್ಳತ್ತೆ, ಉಗುರು ಕಿತ್ಕೊಳ್ಳತ್ತೆ. ಮರಿಯಿಂದ ಕ್ರೇಟಲ್ಲಿ ಇಷ್ಟಪಟ್ಟು ಮಲಗೋ ನಾಯಿಯ ಮಾತು ಬೇರೆ. ಇವರದ್ದು ಕಾಂಪೌಂಡಲ್ಲಿ ಬೆಳೆದದ್ದು. ಬಾಗಿಲಿಲ್ಲದ ಗೂಡು ಮಾಡಿ: ಊಟದ ಮೇಜಿನ ಕೆಳಗೆ, ಮೂರು ಕಡೆ ಬೆಡ್‌ಶೀಟ್ ಇಳಿಬಿಟ್ಟು, ಒಗೆಯದ ಹಳೆ ಹಾಸಿಗೆ ಹಾಕಿ. ಅಲ್ಲಿ ಮಲಗಿದ್ದಾಗ ಯಾರೂ ಕೈ ಹಾಕಬಾರದು, ಮಕ್ಕಳಂತೂ ಆ ಕಡೆ ಸುಳಿಯಬಾರದು.

ಕ್ಯಾಮೆರಾ_ಕಣ್ಣು

ಒಂಟಿಯಾಗಿರೋದಕ್ಕೆ ಮೊದಲು ಅಳತೆ ಬೇಕು. ಹಳೆ ಮೊಬೈಲನ್ನ ಬಾಗಿಲ ಎದುರು ಇಟ್ಟು ವಿಡಿಯೋ ಕಾಲ್ ಹಾಕಿ ಹೊರಗೆ ಹೋಗಿ. ಗಾಬರಿ ಆಗೋ ನಾಯಿಗಳಲ್ಲಿ ಹೆಚ್ಚಿನವು ಮೊದಲ ಅರ್ಧ ಗಂಟೆಯಲ್ಲೇ ತೋರಿಸುತ್ತವೆ. ಬಾಗಿಲ ಚೌಕಟ್ಟು ಕೆರೆಯೋದು, ನಿಲ್ಲದ ಓಡಾಟ, ಜೊಲ್ಲಿನ ಮಡು, ಒಂದೇ ಸಮನೆ ಊಳಿಡೋದು. ಬಿಟ್ಟುಹೋದ ಚಿಕನ್ ನೀವು ಬಾಗಿಲು ತೆಗೆದ ಮೇಲಷ್ಟೇ ತಿಂದ್ರೆ ಅದೂ ಗಾಬರಿಯ ಗುರುತೇ.

ಎಷ್ಟು ಹೊತ್ತಿಗೆ ಮೊದಲ ಚಡಪಡಿಕೆ ಕಂಡಿತೋ ಅದಕ್ಕಿಂತ ಕಡಿಮೆ ಹೊತ್ತಿನಿಂದ ಶುರು. ಎರಡೇ ನಿಮಿಷಕ್ಕೆ ಕಂಡ್ರೆ ಒಂದು ನಿಮಿಷ. ಬರೀ ಬೀಗದ ಕೈ ಸದ್ದಿಗೇ ಎದ್ರೆ, ದಿನಕ್ಕೆ ಹತ್ತು ಸಲ ಬೀಗದ ಕೈ ತಗೊಂಡು ಸೋಫಾದಲ್ಲಿ ಕೂತ್ಕೊಳ್ಳಿ. ಚಪ್ಪಲಿ ಹಾಕಿ ಅಡುಗೆಮನೆಗೆ ಹೋಗಿ. ಹೊತ್ತನ್ನ ಏಣಿ ಹತ್ತಿದ ಹಾಗೆ ಏರಿಸಬೇಡಿ. 1 ನಿಮಿಷ, 3, ಅರ್ಧ, 4, 2, ಹೀಗೆ ಕಲಸಿ. ಅಭ್ಯಾಸದ ದಿನಗಳಲ್ಲಿ ಮಿತಿ ಮೀರಿ ಒಂಟಿ ಬಿಡಬಾರದು. ಅತ್ತೆ, ಪಕ್ಕದ ಮನೆಯ ಕಾಲೇಜು ಹುಡುಗ, ಡೇಕೇರ್, ಯಾರಾದ್ರೂ ಇರಲೇಬೇಕು. ಈ ನಿಯಮ ಮುರಿದ್ರೆ ವಾರದ ಶ್ರಮ ಒಂದು ಮಧ್ಯಾಹ್ನಕ್ಕೆ ಹೋಗತ್ತೆ.

ಹಳೆ ಮನೇಲಿ ಎರಡು ಗಂಟೆ ಇರತ್ತೆ ಅಂತ ಹೊಸ ಮನೇಲಿ ಅಲ್ಲಿಂದ ಶುರು ಮಾಡೋ ಹಾಗಿಲ್ಲ, ಮತ್ತೆ ನಿಮಿಷಗಳಿಂದಲೇ. ಶಿಫ್ಟ್ ಆದ ಮೇಲೆ ಮೂರು ವಾರ ಮನೆಯಿಂದ ಕೆಲಸ ಸಿಗತ್ತಾ ಈಗಲೇ ಕೇಳಿಡಿ. 9 ಗಂಟೆ ಒಂಟಿತನವನ್ನ ಗುರಿಯಾಗಿ ಇಟ್ಕೋಬೇಡಿ. ಮಧ್ಯಾಹ್ನ ಒಬ್ಬರು ಬಂದು ಅರ್ಧ ಗಂಟೆ ಕೆಳಗೆ ಮೂಸಾಡಿಸೋ ವ್ಯವಸ್ಥೆ ಬೇಕೇ ಬೇಕು.

ಪಶುವೈದ್ಯ_ಹಾಸನ

ಎರಡು ವಿಷಯ ಸೇರಿಸ್ತೇನೆ. ತರಬೇತಿ ಶುರು ಮಾಡೋ ಮೊದಲು ಒಂದು ತಪಾಸಣೆ ಆಗಲಿ. ಕಿವಿ ಸೋಂಕು, ಹಲ್ಲುನೋವು, ಸೊಂಟದ ನೋವು ಇರೋ ನಾಯಿ ಸದ್ದಿಗೆ, ಮುಟ್ಟಿದ್ದಕ್ಕೆ ಹೆಚ್ಚು ಬೆಚ್ಚತ್ತೆ. ನಮ್ಮ ಕಡೆ ಉಣ್ಣೆ ಕಚ್ಚಿ ಬರೋ ಜ್ವರ ಬೇರೆ ಸಾಮಾನ್ಯ. ಮಂಕಾಗಿ ಮೂಲೆ ಸೇರಿದ್ದನ್ನ ಹೊಸ ಮನೆಯ ಬೇಜಾರು ಅಂದ್ಕೊಂಡು ಕೂತಿರ್ತಾರೆ, ರಕ್ತ ನೋಡಿದ್ರೆ ಪ್ಲೇಟ್‌ಲೆಟ್ ಇಳಿದಿರತ್ತೆ.

ಇನ್ನೊಂದು ಔಷಧ. ಕೊನೆಯ ಉಪಾಯ ಅಂತ ಕಾಯೋದರಿಂದ ನಾಯಿಗೆ ನಷ್ಟ. ಭಯ ತಗ್ಗಿಸೋಕೆ ದಿನಾ ಕೊಡೋ ಫ್ಲೂಆಕ್ಸೆಟಿನ್, ಕ್ಲೋಮಿಪ್ರಮಿನ್‌ನಂಥವು ಪೂರ್ತಿ ಕೆಲಸ ಮಾಡೋಕೆ 4ರಿಂದ 6 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ನಿಮಗಿರೋದೇ 5 ವಾರ, ಹಾಗಾಗಿ ಬೇಕೋ ಬೇಡವೋ ಅನ್ನೋ ಮಾತು ಈ ವಾರವೇ ನಿಮ್ಮ ಡಾಕ್ಟರ್ ಜೊತೆ ಆಗಬೇಕು. ಶಿಫ್ಟಿಂಗ್ ದಿನಕ್ಕೆ ಮಾತ್ರ ಅಂದ್ರೆ ಟ್ರಾಜೊಡೋನ್, ಗ್ಯಾಬಪೆಂಟಿನ್ ಥರದವು ಇವೆ, ಒಂದೆರಡು ಗಂಟೆ ಮೊದಲು ಕೊಡೋದು. ಯಾವುದೇ ಆದ್ರೂ ಒಂದು ಶಾಂತ ದಿನ ಮನೇಲಿ ಕೊಟ್ಟು ನೋಡಿರಬೇಕು, ಕೆಲವು ನಾಯಿಗಳಿಗೆ ಮಂಪರಿನ ಬದಲು ಚಡಪಡಿಕೆ ಹೆಚ್ಚಾಗತ್ತೆ.

ಎಸಿಪ್ರೊಮಝಿನ್ ಅನ್ನೋ ಮಂಪರಿನ ಔಷಧ ಒಂದನ್ನೇ ಕೊಡೋದು ಹಳೆ ರೂಢಿ. ಮೈ ಮಲಗತ್ತೆ, ಭಯ ಎದ್ದೇ ಇರತ್ತೆ. ಮನೆಯವರ ನಿದ್ದೆ ಮಾತ್ರೆ ಅರ್ಧ ಮಾಡಿ ಕೊಡೋದಂತೂ ಬೇಡ. ಮನುಷ್ಯರ ಗ್ಯಾಬಪೆಂಟಿನ್ ಸಿರಪ್ ಕೆಲವದರಲ್ಲಿ ಸಿಹಿಗೆ ಹಾಕೋ ಜೈಲಿಟಾಲ್ ಇರತ್ತೆ, ಅದು ನಾಯಿಗೆ ವಿಷ.

ಇದನ್ನ ಎರಡು ಸಲ ಓದಿ: ಉಣ್ಣೆಗೆ ಅಮಿಟ್ರಾಝ್ ದ್ರಾವಣದಲ್ಲಿ ಸ್ನಾನ ಮಾಡಿಸ್ತಿದ್ರೆ ಡಾಕ್ಟರಿಗೆ ಹೇಳಲೇಬೇಕು. ಫ್ಲೂಆಕ್ಸೆಟಿನ್, ಕ್ಲೋಮಿಪ್ರಮಿನ್, ಟ್ರಾಜೊಡೋನ್ ಜೊತೆ ಅದು ಸೇರಬಾರದು. ಹೊಸ ಮನೆಗೆ ಹೋಗೋ ಮೊದಲು ಉಣ್ಣೆ ಔಷಧಿ ಹಾಕೋಣ ಅಂತ ಎಲ್ಲರಿಗೂ ಅನ್ಸತ್ತೆ, ಎಡವಟ್ಟು ಆಗೋದು ಅಲ್ಲೇ.

ಕೆಂಗೇರಿ_ಕಾಳಿ

ತುಂಬಾ ಉಪಕಾರ. ಮೂರು ಪ್ರಶ್ನೆ ಉಳೀತು. ಹೆದರಿದಾಗ ತಬ್ಬಿ ಸಮಾಧಾನ ಮಾಡಿದ್ರೆ ಭಯ ಇನ್ನೂ ಹೆಚ್ಚಾಗತ್ತೆ ಅಂತಾರೆ, ನಿಜವಾ? ಗೋಡೆಗೆ ಚುಚ್ಚೋ ಫೆರೊಮೋನ್ (ನಾಯಿಗೆ ಸಮಾಧಾನ ತರೋ ವಾಸನೆ) ಯಂತ್ರ ತಗೋಬೇಕಾ? ಅಸೋಸಿಯೇಷನ್‌ನವರು ನಾಯಿಗೆ ಲಿಫ್ಟ್ ಇಲ್ಲ, ಮೆಟ್ಟಿಲು ಬಳಸಿ ಅಂತಿದ್ದಾರೆ.

ಬಾಲಂಗೋಚಿ

ಭಯ ಅನ್ನೋದು ಬಹುಮಾನ ಸಿಕ್ರೆ ಹೆಚ್ಚು ಮಾಡೋ ಕೆಲಸ ಅಲ್ಲ, ಅದೊಂದು ಭಾವನೆ. ಹತ್ತಿರ ಬಂದ್ರೆ ಸಮಾಧಾನ ಮಾಡಿ. ಆದ್ರೆ ಅದು ಬಂದ್ರೆ ಮಾತ್ರ. ಮಂಚದ ಕೆಳಗಿಂದ ಎಳೆದು ತಬ್ಕೊಂಡ್ರೆ ಅದು ನಿಮ್ಮ ಸಮಾಧಾನಕ್ಕೆ. ತಲೆ ಮೇಲೆ ತಟ್ಟೋ ಬದಲು ಎದೆ, ಭುಜದ ಮೇಲೆ ನಿಧಾನವಾಗಿ ಸವರಿ, ಮೂರು ಎಣಿಸಿ ಕೈ ತೆಗೀರಿ. ಮತ್ತೆ ಒರಗಿದ್ರೆ ಮುಂದುವರಿಸಿ.

ಫೆರೊಮೋನ್ ಬಗ್ಗೆ ಅಧ್ಯಯನಗಳ ಫಲಿತಾಂಶ ಎರಡೂ ಕಡೆ ಇದೆ. ಹಾನಿ ಇಲ್ಲ, ಕೈಯಲ್ಲಿ ದುಡ್ಡಿದ್ರೆ ಹಾಕಿ, ತರಬೇತಿಯ ಬದಲಿಗೆ ಅಲ್ಲ. ಒಂದು ಯಂತ್ರ 50-70 ಚದರ ಮೀಟರ್‌ಗೆ, ಒಂದು ಬಾಟಲಿ ಸುಮಾರು 30 ದಿನಕ್ಕೆ. 1,100 ಚದರಡಿ ಮನೆ ಅಂದ್ರೆ ನೂರು ಚದರ ಮೀಟರ್ ದಾಟತ್ತೆ, ಹಾಗಾಗಿ ಅದು ಮಲಗೋ ಕೋಣೆಗೇ ಚುಚ್ಚಿ. ಸೋಫಾ ಹಿಂದೆ, ಕರ್ಟನ್ ಹಿಂದೆ ಬೇಡ. ನಾಯಿ ಬರೋ ಹಿಂದಿನ ದಿನವೇ ಆನ್ ಮಾಡಿ. ಅದರ ಬದಲು ಟೀ ಟ್ರೀ ಎಣ್ಣೆ ಗಿಣ್ಣೆ ಕಾಯಿಸಬೇಡಿ, ವಿಷ.

ಲಿಫ್ಟ್ ವಿಷಯ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ನಿವಾಸಿಗಳ ಸಂಘ ಸಾಕುನಾಯಿಗಳನ್ನ ನಿಷೇಧಿಸೋ ಹಾಗಿಲ್ಲ, ಲಿಫ್ಟ್ ಬಳಕೆಯನ್ನೂ ತಡೆಯೋ ಹಾಗಿಲ್ಲ. ಪ್ರತಿ ತೆಗೆದು ಕೊಡಿ. ಲಸಿಕೆ ಪುಸ್ತಕ, ನಾಯಿ ಲೈಸೆನ್ಸ್ ಜೊತೆಗಿದ್ರೆ ಮಾತು ಬೇಗ ಮುಗಿಯತ್ತೆ. ಬೆಲ್ಟ್ ಹಾಕ್ತೀನಿ, ಹೊಲಸು ನಾನೇ ಎತ್ತುತ್ತೀನಿ ಅಂತ ನೀವೇ ಮೊದಲು ಹೇಳಿಬಿಡಿ. ಕಾನೂನು ಎಷ್ಟೇ ಇರಲಿ, ದಿನಾ ಮುಖ ನೋಡಬೇಕಾದವರು ಅವರೇ.

ಮೂರು_ಪಟ್ಟಿ

ಸಾಗಣೆ ದಿನದ್ದು ಯಾರೂ ಹೇಳಲಿಲ್ಲ. ಲಾರಿ ಬರೋ ಮೊದಲೇ ನಾಯಿ ಆ ಮನೆಯಿಂದ ಹೊರಗಿರಬೇಕು. ಬಾಗಿಲು ದಿನವಿಡೀ ತೆರೆದಿರೋದು ಅವತ್ತು ಮಾತ್ರ. ಗೊತ್ತಿರೋ ಮನೆಗೆ ಕಳಿಸಿ. ಮೊದಲ ಸಲ ನೋಡೋ ಬೋರ್ಡಿಂಗಿಗೆ ಬೇಡ, ಅದು ಏಳನೇ ಬದಲಾವಣೆ ಆಗತ್ತೆ. ಅದರ ಹಾಸಿಗೆ, ಬಟ್ಟಲು, ಟ್ರೇ ಕೊನೆಗೆ ಹೇರಿ ಮೊದಲು ಇಳಿಸಿ, ಒಂದು ಕೋಣೆ ಪೂರ್ತಿ ಜೋಡಿಸಿ, ಆಮೇಲೆ ಕರ್ಕೊಂಡು ಬನ್ನಿ. ಬಣ್ಣದ ವಾಸನೆ ಇನ್ನೂ ಇದ್ರೆ ಆ ಕೋಣೆ ಬಿಟ್ಟು ಬೇರೆ ನೋಡಿ. ಬಾಲ್ಕನಿ ಬಾಗಿಲು ಹಾಕಿರಲಿ. ಪಾರಿವಾಳಕ್ಕೆ ಕಟ್ಟೋ ನೈಲಾನ್ ಬಲೆ ಹೆದರಿದ ನಾಯಿಯ ಭಾರ ತಡೆಯತ್ತೆ ಅಂತ ನಂಬಬೇಡಿ.

ಮೊದಲ ಎರಡು ವಾರ ಸ್ನಾನ, ಹೊಸ ಊಟ, ಮನೆ ನೋಡೋಕೆ ಬರೋ ನೆಂಟರು, ಎಲ್ಲ ಮುಂದಕ್ಕೆ ಹಾಕಿ. ರಾಗಿ-ಚಿಕನ್ ತಿಂತಿದ್ರೆ ಅದೇ ಹೊತ್ತಿಗೆ ಅದೇ ಬಟ್ಟಲಲ್ಲಿ.

ಕೆಂಗೇರಿ_ಕಾಳಿ

ಕೊನೇದು. ಮೊದಲ ರಾತ್ರಿ ಊಟ ಬಿಟ್ರೆ?

ಪಶುವೈದ್ಯ_ಹಾಸನ

ಒಂದು ಹೊತ್ತು ಬಿಟ್ಟರೆ ಗಾಬರಿ ಬೇಡ. ಬಟ್ಟಲು 15 ನಿಮಿಷ ಇಟ್ಟು ಎತ್ತಿಡಿ, ಕೈತುತ್ತು ತಿನ್ನಿಸೋಕೆ ಹಿಂದೆ ಬೀಳಬೇಡಿ. ನೀರು ಕುಡೀತಿದೆಯಾ ನೋಡಿ. ಚಪ್ಪಟೆ ತಟ್ಟೆಗೆ ಎರಡು ಚಮಚ ಮೊಸರು ಸವರಿಟ್ರೆ ಬಹಳಷ್ಟು ನೆಕ್ಕುತ್ತವೆ, ನೆಕ್ಕೋ ಕೆಲಸಕ್ಕೇ ಮೈ ಸಡಿಲ ಆಗತ್ತೆ. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ರೆ, ಅಥವಾ ಜೊತೆಗೆ ವಾಂತಿ, ಜ್ವರ ಇದ್ರೆ ತೋರಿಸಿ. ಆ ರಾತ್ರಿ ಅದು ಮಲಗೋ ಕೋಣೆಯಲ್ಲೇ ನೀವೂ ಹಾಸ್ಕೊಳ್ಳಿ. ಬೇರೆ ಕೋಣೆಗೆ ಕಳಿಸೋದನ್ನ ಮುಂದಿನ ತಿಂಗಳು ನೋಡೋಣ.